ಅಕ್ಕ ಜಗಿದುಕೊಟ್ಟ ಬೇವಿನ ಕಡ್ಡಿ

ನಾನು ಚಿಕ್ಕವನಿದ್ದಾಗ ಅಸೂಟಿಯ ನಮ್ಮ ಮನೆಯಲ್ಲಿ ಬೆಳಗು ಶುರುವಾಗುತ್ತಿದ್ದುದೇ ಬೇವಿನ ಕಹಿಯಿಂದ. ಅಕ್ಕ ಹಿತ್ತಲಿನ ಮರದಿಂದ ಎಳೆಯ ಕಡ್ಡಿ ಮುರಿದು ತರುತ್ತಿದ್ದಳು. ನನಗೆ ಆಗ ಹಾಲುಹಲ್ಲು ಬೀಳುವ ವಯಸ್ಸು. ಬೊಚ್ಚು ಬಾಯಲ್ಲಿ ಕಡ್ಡಿ ಕಚ್ಚಲು ಹೋದರೆ ಅದು ಜಾರಿ ವಸಡಿಗೆ ಚುಚ್ಚುತ್ತಿತ್ತು. ಹಾಗಾಗಿ ಅಕ್ಕನೇ ತುದಿಯನ್ನು ಜಗಿದು, ಮೆತ್ತನೆಯ ಕುಂಚ ಮಾಡಿ ಕೈಗೆ ಕೊಡುತ್ತಿದ್ದಳು. ಛೀ ಎಂದು ಮೂಗು ಮುರಿಯಬೇಡಿ ಮೊಮ್ಮಕ್ಕಳೇ! ಅವ್ವ ಇಲ್ಲದ ಆ ಮನೆಯಲ್ಲಿ ನನಗೆ ಅಕ್ಕನೇ ಅವ್ವನಾಗಿದ್ದಳು. ಹಲ್ಲು ತಿಕ್ಕಿದ ಮೇಲೆ ಕಡ್ಡಿ ಸೀಳಿ, ನಾಲಿಗೆ ಕೆರೆದು, ಎಸೆದುಬಿಡುವುದು ನಮ್ಮ ರೂಢಿ. ನಿನ್ನೆಯ ಕಡ್ಡಿಯನ್ನು ಯಾರೂ ಇಂದು ಮುಟ್ಟುತ್ತಿರಲಿಲ್ಲ.

ಅಕ್ಕನ ಮದುವೆಯಾಯಿತು. ಅಬ್ಬಿಗೇರಿಗೆ ಹೊರಟ ದಿನ ಬೆಳಿಗ್ಗೆಯೂ ಅವಳು ನನ್ನ ಕಡ್ಡಿ ಜಗಿದುಕೊಟ್ಟೇ ಹೋದಳು. ಅದನ್ನು ನಾನು ಸೀಳಲಿಲ್ಲ, ಎಸೆಯಲೂ ಇಲ್ಲ. ತೊಳೆದು ಗೋಡೆಯ ಗೂಡಿನಲ್ಲಿ ಚಿಮಣಿ ದೀಪದ ಹಿಂದೆ ಬಚ್ಚಿಟ್ಟೆ.

ಅಪ್ಪ ನಸುಕಿನಲ್ಲೇ ಹೊಲಕ್ಕೆ ಹೋಗುತ್ತಿದ್ದ. ನಾನೊಬ್ಬನೇ ಬಚ್ಚಲ ಕಲ್ಲಿನ ಮೇಲೆ ಕುಳಿತು ದಿನಾ ಅದೇ ಕಡ್ಡಿಯಿಂದ ತಿಕ್ಕುತ್ತಿದ್ದೆ. ಮಾತಾಡಿಸುವವರಿಲ್ಲದ ಮನೆಯಲ್ಲಿ ತಿಕ್ಕುವ ಸದ್ದೂ ದೊಡ್ಡದಾಗಿ ಕೇಳುತ್ತಿತ್ತು. ಬರಬರುತ್ತ ಕಡ್ಡಿಯ ಕಹಿ ಹೋಯಿತು. ಕುಂಚ ಕಪ್ಪಾಗಿ ಮುಗ್ಗಲು ವಾಸನೆ ಬಂತು. ನನ್ನ ವಸಡು ಬಾತುಕೊಂಡು ರೊಟ್ಟಿ ಮುರಿದು ಬಾಯಿಗಿಟ್ಟರೂ ನೋಯುತ್ತಿತ್ತು. ಆದರೂ ಯಾರಿಗೂ ಹೇಳಲಿಲ್ಲ. ಹೇಳಿದರೆ ಕಡ್ಡಿ ಹೋಗುತ್ತದೆಂದು ಭಯ.

ಒಂದು ದಿನ ಎತ್ತಿನ ಕಾಲು ಉಳುಕಿ ಅಪ್ಪ ಮನೆಯಲ್ಲೇ ಉಳಿದ. ನಾನು ಉಗುಳಿದ ನೀರು ಕೆಂಪಗಿರುವುದು ಅವನ ಕಣ್ಣಿಗೆ ಬಿತ್ತು.

“ಯಾಕಪಾ, ರಗತ ಬರಾಕತ್ತೈತಲ್ಲ? ಬಾಯಿ ತೋರಸು. ಈ ಒಣಾ ಕಡ್ಡಿ ಯಾಕ ಇಟ್ಕೊಂಡೀಯೊ?”

“ಅಕ್ಕ ಜಗದಿದ್ದು,” ಎಂದೆ.

ಅಪ್ಪ ಬೈಯಲಿಲ್ಲ. ಕಡ್ಡಿಯನ್ನು ತಿರುಗಿಸಿ ನೋಡಿ, “ಅಕ್ಕ ದಿನಾ ಹಸೀದು ಮುರದು ಕೊಡತಿದ್ಲಲ್ಲೋ. ಬೇವಿನ ರಸಾನ ಬಾಯಿ ಕಾಯೂದು. ಒಣಗಿದ್ದರಾಗ ಏನೈತಿ? ಬರೇ ಹೊಲಸು. ನೀನ ಒಗದು ಬಾ,” ಎಂದ.

ಮರದ ಬುಡಕ್ಕೆ ಹೋಗಿ ನಿಂತೆ. ಎಸೆಯಲು ಕೈ ಬರಲಿಲ್ಲ. ಅದನ್ನು ಬಿಟ್ಟರೆ ಅಕ್ಕನದೇನೂ ಉಳಿಯುವುದಿಲ್ಲ ಎನಿಸಿ ಅಳು ಒತ್ತರಿಸಿ ಬಂತು. ಕೊನೆಗೆ ಕಣ್ಣು ಮುಚ್ಚಿ ಎಸೆದೆ.

ತಿರುಗಿ ನೋಡಿದರೆ ಅಪ್ಪ ಹಸಿ ಕಡ್ಡಿಯೊಂದನ್ನು ಮುರಿದು, ನನಗೆ ಬೆನ್ನು ಮಾಡಿ ಜಗಿಯುತ್ತಿದ್ದ. ಅವನು ಕೊಟ್ಟ ಕುಂಚ ಒರಟು ಒರಟು. ಅವನ ಕಣ್ಣು ಒದ್ದೆಯಾಗಿದ್ದವು. ಬೇವು ಜಗಿದರೆ ಕಣ್ಣಲ್ಲಿ ನೀರು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆಮೇಲೆ ಬೇವಿನ ತೊಗಟೆಯನ್ನು ಉಪ್ಪು ಹಾಕಿ ಕುದಿಸಿ, ಆ ನೀರಿನಿಂದ ಬಾಯಿ ಮುಕ್ಕಳಿಸಲು ಕೊಟ್ಟ. ಉರಿಗೆ ಕುಣಿದಾಡಿಬಿಟ್ಟೆ. ಕೆಲವು ದಿನಗಳಲ್ಲಿ ವಸಡು ಇಳಿಯಿತು. ಮನೆ ಮಾತ್ರ ಮೊದಲಿನಂತಾಗಲಿಲ್ಲ.

ಮೊನ್ನೆ ರೋಣದ ಹಲ್ಲಿನ ಡಾಕ್ಟರು, ಬೇವಿನ ರಸಕ್ಕೆ ಬಾಯಿಯ ರೋಗಾಣುಗಳನ್ನು ತಡೆಯುವ ಗುಣ ಇದೆ ಎಂದಾಗ ನನಗೆ ಅಪ್ಪ ನೆನಪಾದ. ಒಬ್ಬರ ಬಾಯಿಯದು ಇನ್ನೊಬ್ಬರ ಬಾಯಿಗೆ ಹೋಗಬಾರದು ಎಂದೂ ಅವರು ಹೇಳಿದರು. ಅದೂ ಖರೇ. ಅದಕ್ಕೇ ನಿಮ್ಮದು ಒಬ್ಬೊಬ್ಬರದು ಒಂದೊಂದು ಬಣ್ಣದ ಬ್ರಷ್ಷು, ಬಾಗಿಲು ಹಾಕಿಕೊಂಡು ತಿಕ್ಕಿ ಬರುತ್ತೀರಿ. ನನಗೂ ನೀಲಿಯದೊಂದು ತಂದಿಟ್ಟಿದ್ದೀರಿ, ಚಲೋ ಇದೆ.

ಆದರೂ ನಾನು ಓಣಿಯ ಬೇವಿನಿಂದ ಕಡ್ಡಿ ಮುರಿದು ತರುತ್ತೇನೆ. ಜಗಿಯಲು ಈಗ ಗಟ್ಟಿ ಹಲ್ಲಿಲ್ಲ, ತುದಿಯನ್ನು ಕಲ್ಲಿನ ಮೇಲೆ ಕುಟ್ಟಿಕೊಳ್ಳುತ್ತೇನೆ. ದಿನಾ ಬೆಳಿಗ್ಗೆ ಹಿತ್ತಲಲ್ಲಿ ಏನು ಸದ್ದು ಎಂದು ಕೇಳುತ್ತೀರಲ್ಲ, ಅದೇ ಅದು. ಅಕ್ಕ ಇದ್ದಿದ್ದರೆ ಆ ಸದ್ದು ಇರುತ್ತಿರಲಿಲ್ಲ.