ಷಡ್ಡಕನಿಗಿಂತ ಒಂದು ಕಡಿಮೆ

ಕ್ಷೌರಿಕನ ಬೆನ್ನು ಹೋದದ್ದು ನಿಂತೂ ನಿಂತೂ. ಅವನ ಷಡ್ಡಕ ಬಸ್ ಡ್ರೈವರನದು ಹೋದದ್ದು ಕೂತೂ ಕೂತೂ. ಹೆಂಡತಿಯರು ಅಕ್ಕತಂಗಿಯರು. ಒಂದೇ ಕ್ಯಾರಿಯರಿನಲ್ಲಿ ಇಬ್ಬರಿಗೂ ಊಟ ತರಬಹುದೆಂದು, ಗಂಡಂದಿರ ಬೆನ್ನುಮೂಳೆಯ ಆಪರೇಷನ್ನನ್ನು ಒಂದೇ ದಿನ ಮಾಡಿಸಿದರು.

ನೋವಿಗೆ ಕೊಡುವ ಎರಡು ಮಾತ್ರೆಗಳಲ್ಲಿ ಯಾವುದು ಮೇಲೆಂದು ಡಾಕ್ಟರು ಹೋಲಿಸಿ ನೋಡುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಕೊಡುವ ಆ ಪರೀಕ್ಷೆಗೆ ಇಬ್ಬರೂ ಒಪ್ಪಿದ್ದರು. ಯಾರಿಗೆ ಯಾವುದು ಬಂತೆಂಬುದು ನರ್ಸಿಗೂ ತಿಳಿಯದು. ಕ್ಷೌರಿಕನಿಗೆ ಮಾತ್ರ ಅನುಮಾನವೇ ಇರಲಿಲ್ಲ: ಒಳ್ಳೆಯದು ಷಡ್ಡಕನಿಗೇ ಹೋಗಿದೆ. ಯಾವಾಗಲೂ ಹಾಗೆಯೇ. ತಾನು ಹಿರಿಯ ಅಳಿಯ. ಮಾವನ ಪಕ್ಕದ ಕುರ್ಚಿ ಕಿರಿಯವನದು. ಕೂದಲು ಕೂಡ! ತನ್ನ ತಲೆ ಬೋಳು; ಅವನ ದಟ್ಟ ಕೂದಲನ್ನು ತಾನೇ ಕತ್ತರಿಸಿ, ಉದುರಿದ್ದನ್ನು ಗುಡಿಸುವಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಬೆಳಿಗ್ಗೆ ನರ್ಸ್ ಬಂದಳು. “ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆ ಹೇಳಿ. ಜಾಸ್ತಿ ಇದ್ರೆ ಇಂಜೆಕ್ಷನ್ ಕೊಡ್ತೀನಿ.”

“ಮೂರು ಅಂತ ಬರ್ಕೊಳ್ಳಿ ಸಿಸ್ಟರ್,” ಎಂದ ಡ್ರೈವರ್, ಆಕಳಿಸುತ್ತ.

ಕ್ಷೌರಿಕನ ಸೊಂಟದಲ್ಲಿ ಕಾದ ಕಬ್ಬಿಣ ತಿರುವಿದಂತಿತ್ತು. “ನನಗೆ ಎರಡು,” ಎಂದ.

“ಭೇಷ್! ಹಾಗಾದ್ರೆ ಇಂಜೆಕ್ಷನ್ ಬೇಡ. ನೀವೇ ಮೊದಲು ಎದ್ದು ನಡೀರಿ.”

ನಡೆಯಲೇಬೇಕಿತ್ತು. ಗಿರಾಕಿಯ ಹಿಂದೆ ನಿಲ್ಲಲಾಗದಿದ್ದರೆ ಅಂಗಡಿಗೆ ಬೀಗವೇ ಗತಿ. ಮಂಚದ ಅಂಚಿಗೆ ಸರಿದು ಕಾಲು ಕೆಳಗಿಟ್ಟ. ಕಣ್ಣಿಗೆ ಕತ್ತಲೆ ಕವಿಯಿತು. ಹಲ್ಲು ಕಚ್ಚಿ ಹಾಗೇ ಕೂತ.

“ಸ್ವಲ್ಪ ಸೆಕೆ, ಅಷ್ಟೇ.”

“ಸೆಕೆಯಂತೆ!” ಎಂದ ಡ್ರೈವರ್. “ಭಾವ, ನಾನು ಮೂರು ಅಂದಿದ್ದಕ್ಕೆ ನೀವು ಎರಡು ಅಂದ್ರಿ. ನಾನು ಸೊನ್ನೆ ಅಂದಿದ್ರೆ ಏನ್ಮಾಡ್ತಿದ್ರಿ?”

ನರ್ಸ್ ತುಟಿ ಕಚ್ಚಿ ನಗು ನುಂಗಿದಳು. ಕ್ಷೌರಿಕ ಗೋಡೆಯ ಕಡೆ ಮುಖ ಮಾಡಿದ.

“ಎಂಟು,” ಎಂದ. ಆಮೇಲೆ ಇನ್ನೂ ಮೆಲ್ಲಗೆ, “ಒಂಬತ್ತು.”

ಇಂಜೆಕ್ಷನ್ ಬಿತ್ತು. ಬಿಸಿನೀರಲ್ಲಿ ಅದ್ದಿದ ಟವೆಲನ್ನು ಮುಖಕ್ಕೊತ್ತಿದಾಗ ಗಿರಾಕಿಯ ಮೈ ಹೇಗೆ ಸಡಿಲಾಗುತ್ತದೋ, ಹಾಗೆ ನೋವು ನಿಧಾನವಾಗಿ ಸಡಿಲಾಯಿತು. ನರ್ಸಿನ ಭುಜ ಹಿಡಿದು ಷಡ್ಡಕನ ಮಂಚದವರೆಗೆ ನಡೆದ.

“ಬೇಗ ಅಂಗಡಿ ತೆಗೀರಿ ಭಾವ. ನನ್ನ ತಲೆಗೆ ಬೇರೆಯವರ ಕತ್ತರಿ ಸೋಕಿಸಲ್ಲ.”

ಕೂದಲು ಕಿವಿಯ ಮೇಲೆ ಇಳಿದಿತ್ತು. ಕ್ಷೌರಿಕನ ಎರಡು ಬೆರಳು ಗಾಳಿಯಲ್ಲಿ ತಾವಾಗಿಯೇ ಕತ್ತರಿಯಾಡಿಸಿದವು. ಹಿಂದಿರುಗುವಾಗ ನರ್ಸಿನ ಕಿವಿಯ ಬಳಿ ಬಾಗಿ ಕೇಳಿದ:

“ಈ ಇಂಜೆಕ್ಷನ್ ಅವನಿಗೆ ಕೊಟ್ಟಿಲ್ಲ, ಅಲ್ವಾ?”