ಬಿರಾದಾರರ ಹೆಸರಿನಲ್ಲಿ ಓಡಿದ ಪ್ಯಾಕೆಟ್ಟುಗಳು

ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಹೋದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ನಿಜವನ್ನೇ ಹೇಳುತ್ತೇನೆ: ನೆನಪಿಲ್ಲ. ಹೆಂಡತಿ ಊರಿಗೆ ಹೋದ ದಿನಗಳಲ್ಲಿ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಬಂದು ಘಾಟ್ಕೋಪರ್ ಸ್ಟೇಷನ್ನಿನ ಸೇತುವೆಯಿಂದ ಎಷ್ಟೋ ಸಲ ವಾಪಸು ಓಡಿದ್ದೇನೆ. ಬಂದು ನೋಡಿದರೆ ಗ್ಯಾಸ್ ಬಂದಾಗಿರುತ್ತದೆ. ಬಾಗಿಲಿಗೆ ಬೀಗ ಮಾತ್ರ ಹಾಕಿರುವುದಿಲ್ಲ.

ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ ಹಾಸ್ಟೆಲಿನ ಪಕ್ಕದ ಕೋಣೆಯಲ್ಲಿ ಸಂಸ್ಕೃತದ ವಿದ್ಯಾರ್ಥಿಯೊಬ್ಬನಿದ್ದ. ನಮ್ಮ ತಾರ್ಕಿಕರು ಪ್ರತ್ಯಕ್ಷಕ್ಕೆ, ಅನುಮಾನಕ್ಕೆ, ಕೊನೆಗೆ ನಂಬಿಕಸ್ಥರ ಬಾಯಿಮಾತಿಗೂ ಪ್ರಮಾಣಗಳ ಪಂಕ್ತಿಯಲ್ಲಿ ಎಲೆ ಹಾಕಿದ್ದಾರೆ, ಸ್ಮೃತಿಯನ್ನು, ಅಂದರೆ ನೆನಪನ್ನು, ಮಾತ್ರ ಹೊರಗೇ ನಿಲ್ಲಿಸಿದ್ದಾರೆ ಎಂದು ಅವನು ಹೇಳಿದ. ಅಂದಿನಿಂದ ನನ್ನ ಮರೆವಿಗೆ ಶಾಸ್ತ್ರದ ಬೆಂಬಲ ಸಿಕ್ಕಂತಾಯಿತು. ಮನುಷ್ಯರು ‘ನನಗೆ ಚೆನ್ನಾಗಿ ನೆನಪಿದೆ’ ಎಂದರೆ ನಂಬಬಾರದು, ಯಂತ್ರ ಎಣಿಸಿ ತೋರಿಸಿದರೆ ನಂಬಬೇಕು ಎಂಬ ಸಿದ್ಧಾಂತ ಕಟ್ಟಿಕೊಂಡೆ. ಆ ಸಿದ್ಧಾಂತದಿಂದ ಒಬ್ಬರ ಕುರ್ಚಿ ಹೋಗುವುದರಲ್ಲಿತ್ತು. ಆ ಕಥೆ ಹೇಳುತ್ತೇನೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮುಂಬಯಿಯ ಫೋರ್ಟಿನಲ್ಲಿ, ಹಡಗಿನ ಸರಕಿನ ಕಾಗದಪತ್ರ ತಯಾರಿಸುವ ಕಚೇರಿಯೊಂದರಲ್ಲಿ ನನ್ನ ಕೆಲಸ. ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ಒಂದೇ ಕೇಬಲ್ಲು ಪೋಣಿಸಿತ್ತು. ಒಂದು ಇನ್ನೊಂದಕ್ಕೆ ಏನು ಕಳಿಸಿದರೂ ಅದು ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಆ ಕೇಬಲ್ಲಿನಲ್ಲೇ ಓಡಬೇಕು. ಯಾರಿಂದ ಎಷ್ಟು ಪ್ಯಾಕೆಟ್ಟು ಹೊರಟಿತು ಎಂದು ಎಣಿಸುವ ಒಂದು ಪ್ರೋಗ್ರಾಮನ್ನು ನನಗಿಂತ ಮೊದಲಿದ್ದವನು ಬರೆದು, ನನಗೆ ಬಿಟ್ಟು, ಬೇರೆ ನೌಕರಿಗೆ ಹೋಗಿದ್ದ. ಅದಕ್ಕೆ ಚಿತ್ರವಿಲ್ಲ, ಬಣ್ಣವಿಲ್ಲ. ಒಂದು ಸಾಲಿನ ಆಜ್ಞೆ ಟೈಪು ಮಾಡಿದರೆ ಕಪ್ಪು ಪರದೆಯ ಮೇಲೆ ಅಂಕಿಗಳ ಸಾಲು ಮೇಲಕ್ಕೆ ಹರಿಯುತ್ತಿತ್ತು, ಅಷ್ಟೇ. ಅದು ನಾನು ಹೆತ್ತ ಕೂಸಲ್ಲ, ಸಾಕಿದ್ದು. ಸಾಕಿದ ಮಕ್ಕಳ ಮೇಲೆ ಪ್ರೀತಿ ಜಾಸ್ತಿ ಎನ್ನುತ್ತಾರಲ್ಲ, ಹಾಗೇ ಆಗಿತ್ತು. ವಾರಕ್ಕೊಮ್ಮೆ ಕೆಡುತ್ತಿತ್ತು, ಕೂತು ರಿಪೇರಿ ಮಾಡುತ್ತಿದ್ದೆ. ಎಲ್ಲಿ ಕೆಟ್ಟಿದೆ ಎಂದು ಹುಡುಕುವಾಗ ಸಾಲು ಸಾಲು ಓದುತ್ತ, ಇದನ್ನು ಯಾವ ಮೂರ್ಖ ಬರೆದನಪ್ಪಾ ಎಂದು ಬೈದು ಪಕ್ಕದ ಟಿಪ್ಪಣಿ ನೋಡಿದರೆ, ನನ್ನದೇ ಇನಿಷಿಯಲ್ಲು.

ಪ್ರೋಗ್ರಾಮಿಗೆ ಯಂತ್ರಗಳು ಗೊತ್ತು, ಮನುಷ್ಯರು ಗೊತ್ತಿಲ್ಲ. ಪ್ರತಿ ಯಂತ್ರಕ್ಕೂ ಹನ್ನೆರಡು ಅಕ್ಷರದ ಒಂದು ವಿಳಾಸ. ನಮ್ಮ ಮ್ಯಾನೇಜರ್ ಸಾಹೇಬರಿಗೆ ಅದು ಹಿಡಿಸಲಿಲ್ಲ. “ನಂಬರ್ ನಹೀ ಚಾಹಿಯೇ ಭಾಯಿ, ನಾಮ್ ಬತಾವ್,” ಎಂದರು. ಸರಿ, ಕಾಗದ ಹಿಡಿದು ಟೇಬಲ್ಲಿನಿಂದ ಟೇಬಲ್ಲಿಗೆ ಸುತ್ತಿ, ಯಾವ ವಿಳಾಸ ಯಾರದ್ದು ಎಂದು ಒಂದು ಪಟ್ಟಿ ಮಾಡಿ ಪ್ರೋಗ್ರಾಮಿಗೆ ಉಣಿಸಿದೆ. ಆಮೇಲೆ ಅದು ಹೆಸರು ಹಿಡಿದೇ ಮಾತಾಡತೊಡಗಿತು.

ಆ ವರ್ಷ ಗಣಪತಿ ಹಬ್ಬ ಕಳೆದ ಮೇಲೆ, ಊಟದ ಹೊತ್ತು ಮುಗಿದೊಡನೆ ಕಂಪ್ಯೂಟರುಗಳು ನಿಧಾನವಾಗತೊಡಗಿದವು. ಹಡಗು ಹೊರಡುವ ದಿನ ಕಾಗದ ತಡವಾದರೆ ಗಲಾಟೆ. ನಾನು ಉತ್ಸಾಹದಿಂದ ಪ್ರೋಗ್ರಾಮನ್ನು ಓಡಿಸಿದೆ. ನಿಧಾನ ಹೆಚ್ಚಾಯಿತು. ಕಾಯಿಲೆ ಉಲ್ಬಣಿಸುತ್ತಿದೆ ಎಂದುಕೊಂಡು ಇಡೀ ದಿನ ಓಡಿಸಿದೆ. ಇಡೀ ದಿನ ನಿಧಾನವಾಯಿತು. ಪಟ್ಟಿಯ ತುದಿಯಲ್ಲಿ, ಉಳಿದವರೆಲ್ಲರದ್ದನ್ನೂ ಸೇರಿಸಿದರೂ ಮುಟ್ಟದಷ್ಟು ಎತ್ತರದಲ್ಲಿ, ಒಂದೇ ಹೆಸರು: ಬಿರಾದಾರ.

ಬಿರಾದಾರರು ನಮ್ಮ ಡೇಟಾ ಎಂಟ್ರಿ ಆಪರೇಟರ್. ಬಿಜಾಪುರದ ಕಡೆಯವರು, ಅಪ್ಪನ ಜೊತೆ ಸಿಮೆಂಟು ಹೊರಲು ಮುಂಬಯಿಗೆ ಬಂದವರು, ಕೆಲಸ ಮುಗಿಸಿ ರಾತ್ರಿಶಾಲೆಯಲ್ಲಿ ಓದಿ, ಗೋದಾಮಿನಲ್ಲಿ ಮೂಟೆ ಎಣಿಸುವ ಗುಮಾಸ್ತರಾಗಿ, ಕೊನೆಗೆ ಕೀಬೋರ್ಡಿನ ಮುಂದೆ ಕೂತವರು. ಕೂರುವ ಮುಂಚೆ ದಿನಾ ಕರವಸ್ತ್ರದಿಂದ ಕುರ್ಚಿ ಒರೆಸುತ್ತಿದ್ದರು. ನನ್ನ ವರದಿ ಓದಿದ ಸಾಹೇಬರು, ಈ ಮನುಷ್ಯ ಆಫೀಸಿನಲ್ಲಿ ಗೇಮ್ ಆಡುತ್ತಾನೆ ಎಂದು ತೀರ್ಮಾನಿಸಿ, ಮುಂದಿನ ತಿಂಗಳಿಂದ ಮತ್ತೆ ಭಿವಂಡಿಯ ಗೋದಾಮಿಗೆ ಹಾಕುವುದಾಗಿ ಹೇಳಿಬಿಟ್ಟರು.

ಬಿರಾದಾರರು ನೇರ ನನ್ನ ಟೇಬಲ್ಲಿಗೆ ಬಂದರು.

“ಸರ್ರ, ನಾ ಏನ್ ಕಳಸೀನ್ರಿ? ಯಾರಿಗೆ ಕಳಸೀನ್ರಿ? ಊರಿಗೆ ಒಂದ್ ಕಾಗದಾ ಬರ್ಯಾಕ ನನಗ ಪುರಸೊತ್ತಿಲ್ಲ.”

“ನಾನು ಹೇಳ್ತಿಲ್ಲ ಬಿರಾದಾರ್, ಯಂತ್ರ ಹೇಳ್ತಿದೆ.”

“ಯಂತ್ರಕ್ಕ ನನ್ನ ಹೆಸರು ಹೇಳಿದಾವ್ರು ಯಾರ್ರಿ?”

ಒಳ್ಳೆಯ ಪ್ರಶ್ನೆ. ಆದರೆ ಒಳ್ಳೆಯ ಪ್ರಶ್ನೆ ಎಂದು ನನಗೆ ಆಗ ಅನ್ನಿಸಲಿಲ್ಲ. ಅವರೇ ಮುಂದುವರಿಸಿದರು. ಜುಲೈ ಮಳೆಯಲ್ಲಿ ನನ್ನ ಮೂಲೆಯ ಚಾವಣಿ ಸೋರಿ, ನನ್ನ ಕಂಪ್ಯೂಟರನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿದ್ದೆವಲ್ಲ. ಆಗ ತಮ್ಮ ಒಣ ಜಾಗ, ತಮ್ಮ ಯಂತ್ರ, ಎರಡನ್ನೂ ನನಗೆ ಬಿಟ್ಟುಕೊಟ್ಟು ತಾವು ಬೀರುವಿನ ಪಕ್ಕದ ಹಳೆಯ ಯಂತ್ರಕ್ಕೆ ಹೋಗಿದ್ದರಲ್ಲ, ಈಗಲೂ ಅಲ್ಲೇ ಇದ್ದಾರಲ್ಲ?

“ಅದು ನನಗೆ ಗೊತ್ತಿದೆ. ಆದರೆ ಪಟ್ಟಿ ಮಾಡಿದ್ದು ಮಳೆಗಾಲ ಮುಗಿದ ಮೇಲೆ. ಚೆನ್ನಾಗಿ ನೆನಪಿದೆ, ಟೈಪು ಮಾಡುವಾಗ ಒದ್ದೆ ಛತ್ರಿ ಕುರ್ಚಿಗೆ ನೇತುಹಾಕಿದ್ದೆ, ನೀರು ತೊಟ್ಟಿಕ್ತಾ ಇತ್ತು.”

ಬಿರಾದಾರರು ನನ್ನನ್ನೇ ನೋಡಿದರು. “ಮಳಿಗಾಲ ಮುಗದಿತ್ತಂದ್ರ ಛತ್ರಿ ಯಾಕ್ ತೊಯ್ದಿತ್ರಿ ಸರ್?”

ಅವರು ವಾದ ಬೆಳೆಸಲಿಲ್ಲ. ಬೀರುವಿನ ಪಕ್ಕಕ್ಕೆ ಹೋಗಿ, ತಮ್ಮ ಯಂತ್ರದ ಸ್ವಿಚ್ಚು ಆರಿಸಿ, ತಿರುಗಿ ಬಂದು ನನ್ನ ಹಿಂದೆ ಕೈಕಟ್ಟಿ ನಿಂತರು. ನಾನು ಪ್ರೋಗ್ರಾಮು ಓಡಿಸಿದೆ. ಪರದೆಯ ಮೇಲೆ ಬಿರಾದಾರ ಎಂಬ ಹೆಸರಿನ ಮುಂದಿನ ಅಂಕಿ ಏರುತ್ತಲೇ ಇತ್ತು.

“ಕೈ ಕಟಗೊಂಡು ನಿಂತ್ರೂ ಕೆಲಸಾ ಮಾಡ್ತೀನ್ ನೋಡ್ರಿ,” ಎಂದರು. “ಪಗಾರ ಹೆಚ್ಚ ಮಾಡ್ಸ್ರಿ ನನಗ.”

ನನಗೆ ನಗು ಬರಲಿಲ್ಲ. ಒಂದೊಂದೇ ಎಳೆ ಬಿಡಿಸುತ್ತ ಹೋದೆ. ಪಟ್ಟಿ ಮಾಡಿದ್ದು ಜಾಗ ಬದಲಾಗುವುದಕ್ಕೆ ಮುಂಚೆ. ಪ್ರೋಗ್ರಾಮಿನ ಪಾಲಿಗೆ ನನ್ನ ಕೈಕೆಳಗಿದ್ದ ಯಂತ್ರ ಇನ್ನೂ ಬಿರಾದಾರರದ್ದೇ. ಬೀರುವಿನ ಪಕ್ಕದ ಯಂತ್ರ, ಪಟ್ಟಿ ಮಾಡಿದ ಮೇಲೆ ನಿವೃತ್ತರಾದ ಒಬ್ಬ ಹಿರಿಯರ ಹೆಸರಿನಲ್ಲಿತ್ತು. ಪೆನ್ಷನ್ ತಗೊಳ್ಳುತ್ತಿದ್ದ ಆ ಪುಣ್ಯಾತ್ಮರು ದಿನವೂ ಎಂಟು ಗಂಟೆ ದುಡಿಯುತ್ತಿರುವುದಾಗಿ ನನ್ನ ವರದಿಯೇ ಹೇಳುತ್ತಿತ್ತು, ನಾನೇ ಕಣ್ಣಾಡಿಸಿ ಮುಂದೆ ಹೋಗಿದ್ದೆ. ಅದಾದರೂ ಸರಿ, ನನ್ನ ಯಂತ್ರದಿಂದ ಅಷ್ಟೊಂದು ಪ್ಯಾಕೆಟ್ಟು ಯಾಕೆ? ಬಿರಾದಾರರ ಈ ಯಂತ್ರದ ಡಿಸ್ಕು ಚಿಕ್ಕದು ಎಂದು ಎಣಿಕೆಯ ದಾಖಲೆಯನ್ನು ದೂರದ ಸರ್ವರಿನಲ್ಲಿ ಬರೆಯುವಂತೆ ನಾನೇ ಏರ್ಪಾಡು ಮಾಡಿದ್ದೆ. ಪ್ರೋಗ್ರಾಮು ಒಂದು ಪ್ಯಾಕೆಟ್ಟು ಕಂಡೊಡನೆ ಸರ್ವರಿಗೆ ಒಂದು ಸಾಲು ಕಳಿಸುತ್ತಿತ್ತು. ಆ ಸಾಲೂ ಒಂದು ಪ್ಯಾಕೆಟ್ಟೇ. ಅದನ್ನೂ ಕಂಡು ಮತ್ತೊಂದು ಸಾಲು ಕಳಿಸುತ್ತಿತ್ತು. ಹೀಗೆ ತನ್ನ ಹೆಜ್ಜೆಯ ಸಪ್ಪಳಕ್ಕೇ ಬೆಚ್ಚಿ ‘ಕಳ್ಳ, ಕಳ್ಳ’ ಎಂದು ಕೂಗುತ್ತ ಓಡುವ ಗೂರ್ಖಾನಂತೆ ಅದು ಇಡೀ ಕೇಬಲ್ಲನ್ನು ತುಂಬಿಬಿಟ್ಟಿತ್ತು. ಊಟದ ನಂತರದ ನಿಧಾನ ಎಲ್ಲ ಕಚೇರಿಯಲ್ಲೂ ಇರುವಂಥದ್ದು. ಅದನ್ನು ಇಡೀ ದಿನದ ಕಾಯಿಲೆ ಮಾಡಿದ್ದು ಅದನ್ನು ಹುಡುಕಲು ಹೊರಟ ನಾನು.

ಬೆಳಿಗ್ಗೆ ಲೋಕಲ್ಲಿನ ಬಾಗಿಲಲ್ಲಿ ನೇತಾಡುತ್ತ, ಈ ಊರಿನಲ್ಲಿ ಇಷ್ಟೊಂದು ಜನ ಯಾಕೆ ಬಂದು ಸೇರಿದ್ದಾರೋ ಎಂದು ಗೊಣಗುವವರನ್ನು ನೀವು ಕೇಳಿರಬಹುದು. ಗೊಣಗುವವರು ತಮ್ಮನ್ನು ಬಿಟ್ಟೇ ಎಣಿಸುತ್ತಾರೆ. ನನ್ನ ಪ್ರೋಗ್ರಾಮು ಅಷ್ಟು ಕಪಟಿಯಾಗಿರಲಿಲ್ಲ. ಅದು ತನ್ನನ್ನೂ ಎಣಿಸಿತ್ತು. ಬೇರೆಯವರ ಹೆಸರಿನಲ್ಲಿ ಎಣಿಸಿತ್ತು, ಅಷ್ಟೇ. ಆ ಹೆಸರು ಕೊಟ್ಟವನು ನಾನು. ಯಂತ್ರವನ್ನು ನಂಬುತ್ತೇನೆ ಎಂದು ಬೀಗುತ್ತಿದ್ದವನು ನಿಜಕ್ಕೂ ನಂಬಿದ್ದು ತನ್ನ ಹಳೆಯ ನೆನಪನ್ನೇ.

ಇನ್ನು ಉಳಿದದ್ದು ಸಾಹೇಬರ ಕೋಣೆ. ಹೋಗದೇ ಇರಲೂ ದಾರಿಯಿತ್ತು. ಪಟ್ಟಿಯಲ್ಲಿ ಒಂದು ಸಾಲು ತಿದ್ದಿ, ದಾಖಲೆಯನ್ನು ಬೇರೆ ಕಡೆ ಬರೆಸಿ, ‘ಸಮಸ್ಯೆ ಬಗೆಹರಿದಿದೆ’ ಎಂದರೆ ಶಹಭಾಸ್‌ಗಿರಿ ನನಗೆ, ಭಿವಂಡಿ ಬಿರಾದಾರರಿಗೆ. ಆದರೆ ನಾನು ತಕ್ಷಣ ಎದ್ದು ಹೋಗಿ ಎಲ್ಲವನ್ನೂ ಹೇಳಿದೆ. ಸಾಹೇಬರು, “ತೋ ಚೋರ್ ಥಾನೇ ಮೇ ಹೀ ಬೈಠಾ ಥಾ,” ಕಳ್ಳ ಪೊಲೀಸ್ ಠಾಣೆಯಲ್ಲೇ ಕೂತಿದ್ದ ಎಂದು ಹೊಟ್ಟೆ ಹಿಡಿದು ನಕ್ಕರು. ವರ್ಗಾವಣೆ ರದ್ದಾಯಿತು.

ನಾನು ಆ ಕಚೇರಿ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಮೊನ್ನೆ ಘಾಟ್ಕೋಪರಿನಲ್ಲಿ ತರಕಾರಿ ಕೊಳ್ಳುವಾಗ ಬಿರಾದಾರರು ಸಿಕ್ಕಿದರು. ಹಳೆಯ ಮಾತು ಬಂತು. ಆವತ್ತು ನೇರ ಸಾಹೇಬರ ಕೋಣೆಗೆ ನುಗ್ಗಿದ್ದೆ, ನೆನಪಿದೆಯಾ ಎಂದು ನಾನೇ ಸ್ವಲ್ಪ ಗತ್ತಿನಲ್ಲಿ ಕೇಳಿದೆ.

“ಆವತ್ತಲ್ರಿ ಸರ್,” ಎಂದರು ಅವರು ಬದನೆಕಾಯಿ ಆರಿಸುತ್ತ. “ಮೂರನೇ ದಿನಾ ಹೋದ್ರಿ. ಎರಡ್ ದಿನಾ ನಾ ಡ್ರಾವರ್ ಖಾಲಿ ಮಾಡಿ, ಚೀಲಾ ತೊಡಿ ಮ್ಯಾಲ ಇಟ್ಕೊಂಡ ಕುಂತಿದ್ದೆ. ಮನ್ಯಾಗ ಹೇಳಿರಲಿಲ್ಲ.” ಆಮೇಲೆ ನನ್ನ ಮುಖ ನೋಡಿ, “ಹೋದ್ರಲ್ರಿ, ಅದ ದೊಡ್ಡದು,” ಎಂದರು.

ಆ ಎರಡು ದಿನಗಳನ್ನು ನಾನು ಎಷ್ಟು ಹುಡುಕಿದರೂ ನನ್ನೊಳಗೆ ಎಲ್ಲೂ ಸಿಗುತ್ತಿಲ್ಲ. ಅವರಿಗೆ ಚೀಲದ ಭಾರ ಸಹಿತ ಸಿಗುತ್ತಿದೆ. ಶಾಸ್ತ್ರ ಏನೇ ಹೇಳಲಿ, ಕಾದು ಕೂತವರ ಸ್ಮೃತಿಗೆ ನಾನು ಎಲೆ ಹಾಕುತ್ತೇನೆ. ಆದ್ದರಿಂದ, ಮೇಲೆ ‘ತಕ್ಷಣ ಎದ್ದು ಹೋಗಿ’ ಎಂದಿರುವ ಕಡೆ ದಯವಿಟ್ಟು ‘ಮೂರನೇ ದಿನ’ ಎಂದು ಓದಿಕೊಳ್ಳಿ. ನಾನೇ ತಿದ್ದಬಹುದಿತ್ತು. ಆದರೆ ಸದ್ದಿಲ್ಲದೆ ಒಂದು ಸಾಲು ತಿದ್ದಿ ಮುಂದೆ ಹೋಗುವ ಆಸೆ ನನಗೆ ಒಮ್ಮೆ ಬಂದಿತ್ತು, ಎರಡು ದಿನ ಇತ್ತು, ಈಗ ಬೇಡ.