ಬಡಿಸುವವನ ಅಕ್ಕ

ಆಫೀಸಿನಲ್ಲಿ ನಾವು ಅವರನ್ನು ತಕ್ಕಡಿ ಎಂದೇ ಕರೆಯುತ್ತಿದ್ದೆವು, ಬೆನ್ನ ಹಿಂದೆ. ಅದು ಅವರಿಗೂ ಗೊತ್ತಿತ್ತು. ಐವತ್ತು ದಾಟಿದ, ಅಂಗಿಯ ಇಸ್ತ್ರಿ ಸಂಜೆಯಾದರೂ ಮುರಿಯದ ಮನುಷ್ಯ. ಅವರ ಕೆಲಸ, ತರಂಗ ಹಂಚುವುದು. ಮೊಬೈಲ್ ಕಂಪನಿಯ ಕೈಯಲ್ಲಿರುವ ತರಂಗಗಳು ಇಷ್ಟೇ ಎಂದು ನಿಗದಿಯಾಗಿರುತ್ತವೆ. ಮಾತಾಡುವವರು ಮಾತ್ರ ದಿನದಿನಕ್ಕೆ ಹೆಚ್ಚುತ್ತಾರೆ. ಹಿಂದೆ ಪ್ರತಿ ಟವರಿಗೂ ಒಂದು ಕಾಯಂ ಪಾಲು ಇತ್ತು. ಈಗ ಯಂತ್ರವೇ ಕ್ಷಣಕ್ಷಣಕ್ಕೂ ನೋಡಿ, ಜನ ಹೆಚ್ಚು ಕೇಳುವ ಟವರಿಗೆ ಹೆಚ್ಚು ಕೊಡುತ್ತದೆ, ಕೇಳದ ಕಡೆಯಿಂದ ಕಿತ್ತುಕೊಳ್ಳುತ್ತದೆ. ಎಷ್ಟೇ ಕಿತ್ತುಕೊಂಡರೂ ಒಂದು ಟವರಿಗೆ ಕನಿಷ್ಠ ಇಷ್ಟು ಉಳಿಯಲೇಬೇಕು ಎಂಬ ಗೆರೆ ಎಳೆಯುವವರು ತಕ್ಕಡಿ.

ಆ ಗೆರೆಯ ವಿಷಯದಲ್ಲಿ ಯಾರ ಶಿಫಾರಸೂ ನಡೆಯುತ್ತಿರಲಿಲ್ಲ. ಹಿಂದಿದ್ದ ಮೇಲಧಿಕಾರಿಯೊಬ್ಬರು ತಮ್ಮ ಮನೆ ಹತ್ತಿರದ ಟವರಿಗೆ ಹೆಚ್ಚು ಹಾಕಿಸಿಕೊಳ್ಳಲು ಹೋದಾಗ ಇವರು ಪತ್ರ ಬರೆದು ನಿಲ್ಲಿಸಿದರು. ತಮ್ಮ ಬಡ್ತಿಗೆ ತಾವೇ ಕಲ್ಲು ಹಾಕಿಕೊಂಡರು. ಫೋನುಗಳ ಚೀಲ ಹೊತ್ತು ಬೀದಿಬೀದಿಯ ಸಿಗ್ನಲ್ ಅಳೆಯುವ ನನಗೆ ಅವರನ್ನು ಕಂಡರೆ ಗೌರವ, ಅಷ್ಟೇ ಸಿಟ್ಟು.

ಅವರನ್ನು ಸಾಕಿದವರು ಅಕ್ಕ. ಅಪ್ಪ ಅಮ್ಮ ಬೇಗ ಹೋದ ಮೇಲೆ, ಹದಿನಾರು ತುಂಬುವ ಮೊದಲೇ ಹೊಲಿಗೆ ಯಂತ್ರ ತುಳಿದು ತಮ್ಮನನ್ನು ಓದಿಸಿದವರು. ದಿನಾ ಸಂಜೆ ಆರಕ್ಕೆ ಅಕ್ಕನ ಫೋನು ಬರುತ್ತಿತ್ತು, ಜೊತೆಗೆ ಗಾಳಿಯ ಬುಸುಗುಟ್ಟುವ ಸದ್ದು. ಒಳಗೆ ಸೆಖೆ, ತಾರಸಿಯ ಮೇಲೆ ತಂಪಾಗಿರುತ್ತೆ ಅನ್ನುತ್ತಿದ್ದರಂತೆ. ಎರಡು ವರ್ಷ ಇವರು ಅದನ್ನು ನಂಬಿದರು. ಊರನ್ನೆಲ್ಲ ಅಳೆಯುವ ಬುದ್ಧಿವಂತ, ಚಳಿಗಾಲದಲ್ಲಿ ಎಲ್ಲಿಯ ಸೆಖೆ ಎಂದು ಒಮ್ಮೆಯೂ ಕೇಳಲಿಲ್ಲ. ಅಕ್ಕನ ಮನೆಗೆ ಹೋದಾಗಲೂ ಫೋನು ಆರಿಸಿ ಜೇಬಿಗೆ ಹಾಕುತ್ತಿದ್ದರು. ಹಿರಿಯರ ಮುಂದೆ ಫೋನು ನೋಡುವುದು ಮರ್ಯಾದೆಯಲ್ಲವಂತೆ. ದೀಪದ ಬುಡದಲ್ಲೇ ಕತ್ತಲೆ.

ಕಳೆದ ತಿಂಗಳು ಅಕ್ಕನ ಫೋನು ನಿಂತಿತು. ಇವರೇ ಮಾಡಿದರೆ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಅದೇ ಹೆಣ್ಣುದನಿ. ಮೂರನೆಯ ದಿನ ಅರ್ಧ ಕೆಲಸ ಬಿಟ್ಟು ಎದ್ದರು. ಕಂಪನಿಯ ಕಾರು ನನ್ನ ಹತ್ತಿರವಿತ್ತು, ಕರೆದುಕೊಂಡು ಹೋದೆ.

ಎತ್ತರದ ಕಟ್ಟಡಗಳ ನಡುವಿನ ಇಕ್ಕಟ್ಟಾದ ಓಣಿ. ನೆಲಮಾಳಿಗೆಯಂಥ ಮನೆಯಲ್ಲಿ ಅಕ್ಕ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಮಂಡಿ ಊದಿ ಕುಂಬಳಕಾಯಿಯಾಗಿತ್ತು. ಇನ್ನು ಯಾವತ್ತೂ ಮೆಟ್ಟಿಲು ಹತ್ತಕೂಡದು ಎಂದು ಡಾಕ್ಟರು ಹೇಳಿದ್ದಾರೆ, ಅದಕ್ಕೇ ಫೋನು ಮಾಡಲಾಗಲಿಲ್ಲ ಎಂದರು. ಮೆಟ್ಟಿಲಿಗೂ ಫೋನಿಗೂ ಏನು ಸಂಬಂಧ ಎಂದು ತಮ್ಮ ಕೇಳಿದರೆ, ಅಕ್ಕ ಕಾಫಿಯ ನೆಪ ಹೇಳಿ ಏಳಲು ನೋಡಿದರು. ನಾನೇ ಚೀಲದಿಂದ ಫೋನು ತೆಗೆದು ತಕ್ಕಡಿಯ ಮುಂದೆ ಹಿಡಿದೆ. ಸಿಗ್ನಲಿನ ಒಂದು ಕಡ್ಡಿಯೂ ಇರಲಿಲ್ಲ.

“ನನಗೊಂದು ಮಾತು ಹೇಳೋದಲ್ವಾ ಅಕ್ಕ?”

“ಹೇಗೋ ಹೇಳ್ಲಿ? ಬಡಿಸೋನು ನಮ್ಮೋನಾದ್ರೆ ಕೊನೇ ಪಂಕ್ತೀಲಿ ಕೂತರೇನು ಅಂತಾರಲ್ಲ ಜನ. ಆ ಮಾತು ನಿನ್ನ ಮೇಲೆ ಬರಬಾರದು ಅಂತ ನಾನೇ ಮೇಲೆ ಹತ್ತಿ ಹೋಗ್ತಿದ್ದೆ.”

ತಕ್ಕಡಿ ಮೂರು ಮಹಡಿ ಹತ್ತಿದರು. ಹಿಂದೆಯೇ ನಾನೂ ಹೋದೆ. ನೀರಿನ ಟ್ಯಾಂಕಿನ ಪಕ್ಕ ಪ್ಲಾಸ್ಟಿಕ್ ಸ್ಟೂಲುಗಳ ಸಾಲು, ಮನೆಗೊಂದರಂತೆ. ಒಂದರ ಮೇಲೆ ಹಳೇ ಸೀರೆಯಲ್ಲಿ ಹೊಲಿದ ದಿಂಬಿತ್ತು, ಯಾರದೆಂದು ಕೇಳಬೇಕಾಗಿರಲಿಲ್ಲ. ಅಕ್ಕಪಕ್ಕದ ತಾರಸಿಗಳಲ್ಲೂ ಅದೇ ಸಾಲು. ಅಲ್ಲಿ ಫೋನಿನಲ್ಲಿ ಕಡ್ಡಿಗಳೆಲ್ಲ ತುಂಬಿದ್ದವು, ಆದರೆ ಸಿಗ್ನಲ್ ಓಣಿಯ ಟವರಿನದಲ್ಲ. ಎತ್ತರದಲ್ಲಿ ಅಡ್ಡ ಏನೂ ಇಲ್ಲದ್ದರಿಂದ ಎರಡು ಕಿಲೋಮೀಟರ್ ಆಚೆಯ ಮಾರುಕಟ್ಟೆಯ ಟವರು ಸಿಗುತ್ತಿತ್ತು.

ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಎರಡು ವರ್ಷದ ಹಿಂದೆ ಓಣಿಯಲ್ಲಿ ಬೇಡಿಕೆ ಕಡಿಮೆ ಎಂದು ತಕ್ಕಡಿ ಗೆರೆಯನ್ನು ತುಸು ಇಳಿಸಿದ್ದರು. ಸಂಜೆ ಹೊತ್ತು ಮಾತು ಕಡಿಯತೊಡಗಿತು, ಜನ ಮೇಲೆ ಹತ್ತಿದರು. ಅವರ ಮಾತೆಲ್ಲ ಮಾರುಕಟ್ಟೆಯ ಲೆಕ್ಕಕ್ಕೆ ಬಿತ್ತು. ಓಣಿಗೆ ಏನೂ ಬೇಡವಾಗಿದೆ ಎಂದು ತಿಳಿದ ಯಂತ್ರ ಇನ್ನಷ್ಟು ಕಿತ್ತು ಮಾರುಕಟ್ಟೆಗೇ ಕೊಟ್ಟಿತು. ಇವರು ಗೆರೆಯನ್ನು ಮತ್ತೆ ಇಳಿಸಿದರು, ಕೊನೆಗೆ ಮನೆಗಳೊಳಗೆ ಸಿಗ್ನಲೇ ತಲುಪದಾಯಿತು. ನಾನಾದರೂ ಏನು ಕಡಿಮೆ, ಕಾರು ಒಳಗೆ ಹೋಗದು ಎಂದು ಓಣಿಯ ಬಾಯಲ್ಲೇ ಅಳೆದು ಎಲ್ಲ ಸರಿಯಿದೆ ಎಂದು ಬರೆದಿದ್ದೆ.

ಗೆರೆ ಏರಿಸಿಬಿಡಿ, ಒಂದು ನಿಮಿಷದ ಕೆಲಸ ಎಂದೆ, ಕಾರಿನಲ್ಲಿ. ಅಕ್ಕನ ಮನೆಯ ಕೆಲಸ, ನನ್ನ ಕೈಯಿಂದ ಆಗಕೂಡದು ಎಂದರು. ನನಗೆ ಮೈ ಉರಿಯಿತು. ನಿಮ್ಮ ನ್ಯಾಯಕ್ಕಿಷ್ಟು ಬೆಂಕಿ ಹಾಕಿ, ಆ ಮಂಡಿ ಸವೆದದ್ದು ಯಾರಿಂದ ಎಂದು ಕೇಳಿಯೂಬಿಟ್ಟೆ.

“ಓಣೀಲಿರೋ ಎಲ್ಲಾ ಮನೆ ಒಳಗೂ ಹೋಗಿ ಅಳತೆ ಮಾಡು,” ಎಂದರು ತಕ್ಕಡಿ. “ಅಕ್ಕನ ಮನೆ ಒಂದು ಬಿಡು.”

ಎರಡು ದಿನ ಮೂವತ್ತೊಂದು ಮನೆಗಳ ಅಡುಗೆಮನೆ, ಮಲಗುವ ಕೋಣೆ ಹೊಕ್ಕು ಅಳೆದೆ. ಎಲ್ಲ ಕಡೆಯೂ ಅದೇ ಕತೆ. ಈಗಿನ ಮೇಲಧಿಕಾರಿ ಕಂಪ್ಯೂಟರಿನ ಪರದೆ ತೋರಿಸಿ, ಅಲ್ಲಿ ಕೇಳುವವರೇ ಇಲ್ಲವಲ್ಲ ಎಂದರು. ತಕ್ಕಡಿ ಎದ್ದು ನಿಂತರು.

“ಕೇಳಿ ಕೇಳಿ ಸಾಕಾಗಿ ಮೆಟ್ಟಿಲು ಹತ್ತಿದೋರನ್ನ, ಬೇಡ ಅಂದೋರು ಅಂತ ತಿಳ್ಕೊಂಡ್ವಿ ಸರ್. ತಪ್ಪು ನಂದು. ಅಲ್ಲಿ ನಮ್ಮಕ್ಕನೂ ಇದ್ದಾಳೆ, ಅದನ್ನೂ ಬರ್ಕೊಳ್ಳಿ. ಸಹಿ ಮಾತ್ರ ನೀವೇ ಹಾಕಿ.”

ಮೇಲಧಿಕಾರಿ ನನ್ನ ಪಟ್ಟಿಯನ್ನು ಎರಡು ಸಲ ಓದಿ, ಗೆರೆ ಏರಿಸುವ ಆದೇಶಕ್ಕೆ ಸಹಿ ಹಾಕಿದರು.

ಮರುದಿನ ಸಂಜೆ ಆರಕ್ಕೆ ತಕ್ಕಡಿಯ ಫೋನು ಹೊಡೆದುಕೊಂಡಿತು. ಅವಸರದಲ್ಲಿ ಸ್ಪೀಕರ್ ಒತ್ತಿಹೋದದ್ದರಿಂದ ನನಗೂ ಕೇಳಿಸಿತು. ಗಾಳಿಯ ಸದ್ದಿರಲಿಲ್ಲ. ಫ್ಯಾನು ತಿರುಗುವುದು, ಗೋಡೆ ಗಡಿಯಾರದ ಟಿಕ್ ಟಿಕ್ ಎಲ್ಲ ಸ್ಪಷ್ಟವಾಗಿತ್ತು. ತಕ್ಕಡಿ ಆ ಸದ್ದುಗಳನ್ನೇ ಕೇಳುತ್ತ ಕೂತರು.

“ಯಾಕೋ, ಕೇಳಿಸ್ತಿಲ್ವಾ?” ಎಂದರು ಅಕ್ಕ. ಮಂಚ ಕಿರುಗುಟ್ಟಿತು. “ಇರು, ಮೇಲೆ ಹತ್ತಿ ಮಾಡ್ತೀನಿ.”

“ಬೇಡಕ್ಕ, ಕೂತ್ಕೋ,” ಎಂದರು ತಮ್ಮ. “ಕೇಳಿಸ್ತಿದೆ.”